ವಿದ್ಯುತ್ ಬಲ್ಬುಗಳ ಶಕ್ತಿದಕ್ಷತೆ

ವಿದ್ಯುತ್ ಬಲ್ಬು ತಾನು ಎಳೆದುಕೊಳ್ಳುವ ಕರೆಂಟಿನಲ್ಲಿ ಎಷ್ಟನ್ನು ಕಣ್ಣಿಗೆ ಕಾಣುವ ಬೆಳಕಾಗಿ ಕೊಡುತ್ತದೆ, ಎಷ್ಟನ್ನು ಶಾಖವಾಗಿ ಚೆಲ್ಲುತ್ತದೆ ಎಂಬ ಲೆಕ್ಕವೇ ಅದರ ದಕ್ಷತೆ. ಎಡಿಸನ್ ಕಾಲದ ಇಂಗಾಲ ತಂತುವಿನ ದೀಪ ಒಂದು ವ್ಯಾಟಿಗೆ ಹೆಚ್ಚೆಂದರೆ ಮೂರು ಲ್ಯೂಮೆನ್ ಬೆಳಕು ಕೊಡುತ್ತಿತ್ತು. ಇಂದು ಬಡಾವಣೆಯ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಲ್‌ಇಡಿ ಬಲ್ಬು ನೂರರ ಆಸುಪಾಸಿನಲ್ಲಿದೆ. ಸುಮಾರು ನೂರನಲವತ್ತು ವರ್ಷಗಳಲ್ಲಿ ಆಗಿರುವ ಈ ಏರಿಕೆ ಒಂದೇ ಸಮನಾದದ್ದಲ್ಲ. ದಶಕಗಟ್ಟಲೆ ನಿಂತಲ್ಲೇ ನಿಂತು, ಆಮೇಲೆ ಥಟ್ಟನೆ ಜಿಗಿದದ್ದು. ನಿಂತ ಕಡೆಗಳಲ್ಲಿ ಹಲವು ಬಾರಿ ವಿಜ್ಞಾನಕ್ಕಿಂತ ಹೆಚ್ಚಾಗಿ ಅಡ್ಡ ಬಂದದ್ದು ಹಣದ ಪ್ರಶ್ನೆ. ಒಳ್ಳೆಯ ಬಲ್ಬಿನ ಬೆಲೆ ಇವತ್ತೇ ತೆರಬೇಕು, ಉಳಿತಾಯವಾಗುವುದು ಮುಂದಿನ ತಿಂಗಳುಗಳ ಬಿಲ್ಲಿನಲ್ಲಿ. ಇವೆರಡರ ನಡುವಿನ ಅಂತರವನ್ನು ಯಾರು ತುಂಬಬೇಕು ಎಂಬುದು ತೀರ್ಮಾನವಾದಾಗಲೆಲ್ಲ ದಕ್ಷತೆ ಪ್ರಯೋಗಾಲಯದಿಂದ ಮನೆಗೆ ಇಳಿದಿದೆ.

ಅಳತೆ

ಬಲ್ಬಿನ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗುವ ವ್ಯಾಟ್ ಬೆಳಕಿನ ಅಳತೆಯಲ್ಲ, ಖರ್ಚಿನ ಅಳತೆ. ತಂತುವಿನ ಬಲ್ಬುಗಳ ಕಾಲದಲ್ಲಿ ಇವೆರಡೂ ಜೊತೆಜೊತೆಗೇ ಏರುತ್ತಿದ್ದುದರಿಂದ ಅಂಗಡಿಯಲ್ಲಿ ನಲವತ್ತು, ಅರವತ್ತು, ನೂರು ಎಂದು ಕೇಳಿ ಕೊಳ್ಳುವ ರೂಢಿ ಬಿತ್ತು. ಆ ರೂಢಿ ಇನ್ನೂ ಪೂರ್ತಿ ಬಿಟ್ಟಿಲ್ಲ.

ಬೆಳಕನ್ನು ಅಳೆಯುವುದು ಲ್ಯೂಮೆನ್‌ನಲ್ಲಿ. ಇದು ಮನುಷ್ಯನ ಕಣ್ಣನ್ನು ಆಧರಿಸಿದ ಮಾನ. ಹಗಲಿನಲ್ಲಿ ಕಣ್ಣು 555 ನ್ಯಾನೋಮೀಟರ್ ತರಂಗದೂರದ, ಹಳದಿ ಬೆರೆತ ಹಸಿರಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ; ಕೆಂಪಿನ ಕಡೆಗೂ ನೇರಳೆಯ ಕಡೆಗೂ ಸರಿದಂತೆ ಈ ಸ್ಪಂದನ ಕುಗ್ಗುತ್ತದೆ. ಒಂದು ವ್ಯಾಟ್ ವಿದ್ಯುತ್ತು ಚೂರೂ ಪೋಲಾಗದೆ ಆ ಹಸಿರಾಗಿ ಬದಲಾದರೆ ಸಿಗುವುದು 683 ಲ್ಯೂಮೆನ್. ಅದಕ್ಕಿಂತ ಹೆಚ್ಚನ್ನು ಯಾವ ದೀಪವೂ ಕೊಡಲಾರದು. ಆದರೆ ಬರೀ ಹಸಿರು ಬೆಳಕಿನಲ್ಲಿ ಮಾವಿನಹಣ್ಣು ಆರಿಸಲಾಗುವುದಿಲ್ಲ, ಸೀರೆಯ ಬಣ್ಣ ನೋಡಲಾಗುವುದಿಲ್ಲ. ಎಲ್ಲ ಬಣ್ಣಗಳೂ ಬೆರೆತ ಬಿಳಿ ಬೆಳಕು ಬೇಕೆಂದರೆ ಮೇಲ್ಮಿತಿ ಕೆಳಗಿಳಿಯುತ್ತದೆ. ಬಣ್ಣಗಳು ಎಷ್ಟು ನಿಜವಾಗಿ ಕಾಣಬೇಕು ಎಂಬುದನ್ನು ಅವಲಂಬಿಸಿ ಅದು ವ್ಯಾಟಿಗೆ 250ರಿಂದ 400 ಲ್ಯೂಮೆನ್‌ವರೆಗೆ ಇರುತ್ತದೆ.

ದಕ್ಷತೆಗಾಗಿ ಬಣ್ಣವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟ ದೀಪವೂ ಒಂದುಂಟು. ಕಡಿಮೆ ಒತ್ತಡದ ಸೋಡಿಯಂ ದೀಪ 589 ನ್ಯಾನೋಮೀಟರಿನ ಹಳದಿಯೊಂದನ್ನೇ ಸೂಸುತ್ತದೆ. ಎಲ್‌ಇಡಿಗಳು ಬರುವುದಕ್ಕೆ ಎಷ್ಟೋ ಮೊದಲೇ ಅದು ವ್ಯಾಟಿಗೆ 200 ಲ್ಯೂಮೆನ್‌ಗೆ ಹತ್ತಿರವಾಗಿತ್ತು. ಅದರಡಿಯಲ್ಲಿ ಕೆಂಪು ಕಾರೂ ನೀಲಿ ಕಾರೂ ಒಂದೇ ಬೂದುಬಣ್ಣ. ಯುರೋಪಿನ ಹೆದ್ದಾರಿಗಳಿಗೆ ಅದು ಸಾಕಾಯಿತು, ಮನೆಯೊಳಕ್ಕೆ ಮಾತ್ರ ಬರಲಿಲ್ಲ.

ತಂತುವಿನ ದೀಪ

ಇಂಗ್ಲೆಂಡಿನ ಜೋಸೆಫ್ ಸ್ವಾನ್ ಮತ್ತು ಅಮೆರಿಕದ ಥಾಮಸ್ ಎಡಿಸನ್ 1879ರ ಸುಮಾರಿಗೆ ಬಳಕೆಗೆ ಯೋಗ್ಯವಾದ ಇಂಗಾಲ ತಂತುವಿನ ದೀಪಗಳನ್ನು ರೂಪಿಸಿದರು. ಎಡಿಸನ್ ಜಾಣತನ ಬಲ್ಬಿನಲ್ಲಿ ಎಷ್ಟಿತ್ತೋ ಅದರ ಸುತ್ತಲಿನ ಲೆಕ್ಕದಲ್ಲೂ ಅಷ್ಟೇ ಇತ್ತು. ತಂತುವಿನ ವಿದ್ಯುತ್ ರೋಧ ಹೆಚ್ಚಿದ್ದರೆ ಅದೇ ಬೆಳಕಿಗೆ ಕಡಿಮೆ ಕರೆಂಟು ಹರಿದರೆ ಸಾಕು. ಬೀದಿಯುದ್ದಕ್ಕೂ ಹೂಳಬೇಕಾದ ತಾಮ್ರದ ತಂತಿ ತೆಳ್ಳಗಾಗುತ್ತದೆ. ಬಲ್ಬಿನ ವಿನ್ಯಾಸವನ್ನು ತಾಮ್ರದ ಬೆಲೆ ನಿರ್ಧರಿಸಿದ ಈ ಪ್ರಸಂಗ ಮುಂದೆ ಬಂದ ಹಲವು ಪ್ರಸಂಗಗಳ ಮಾದರಿ.

ಕಾದ ವಸ್ತುವಿನಿಂದ ಬೆಳಕು ಪಡೆಯುವ ವಿಧಾನದಲ್ಲೇ ಒಂದು ಮೂಲದೋಷವಿದೆ. ವಸ್ತು ಎಷ್ಟು ಕಾದರೆ ಅಷ್ಟು ದಕ್ಷ. ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್‌ನಷ್ಟು ಬಿಸಿಯಾಗಿರುವುದರಿಂದ ಅದರ ವಿಕಿರಣದ ದೊಡ್ಡ ಪಾಲು ಕಣ್ಣಿಗೆ ಕಾಣುವ ಪಟ್ಟಿಯಲ್ಲಿ ಬೀಳುತ್ತದೆ. ಬಲ್ಬಿನ ತಂತು 2,700-2,800 ಕೆಲ್ವಿನ್ ದಾಟುವುದು ಕಷ್ಟ. ಆ ಉಷ್ಣತೆಯಲ್ಲಿ ಹೊರಡುವುದರ ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಬೆಳಕಾಗುವುದು ನೂರಕ್ಕೆ ಐದರ ಆಸುಪಾಸು ಮಾತ್ರ. ಆದ್ದರಿಂದ ತಂತುವಿನ ದೀಪದ ಸುಧಾರಣೆಯೆಂದರೆ ಕರಗದೆ, ಆವಿಯಾಗದೆ ಇನ್ನಷ್ಟು ಕಾಯಬಲ್ಲ ವಸ್ತುವಿನ ಹುಡುಕಾಟ. ಆಸ್ಮಿಯಂ, ಟ್ಯಾಂಟಲಂಗಳ ನಂತರ 1904ರಲ್ಲಿ ಯುಸ್ಟ್ ಮತ್ತು ಹನಮನ್ ಟಂಗ್‌ಸ್ಟನ್ ತಂತುವಿಗೆ ಹಂಗೇರಿಯಲ್ಲಿ ಪೇಟೆಂಟ್ ಪಡೆದರು. ಟಂಗ್‌ಸ್ಟನ್ ಕರಗುವುದು 3,422 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಲೋಹಗಳಲ್ಲೆಲ್ಲ ಅತ್ಯಧಿಕ. ಆದರೆ ಅದು ಗಾಜಿನಂತೆ ಮುರಿಯುತ್ತಿತ್ತು. ಅದನ್ನು ಎಳೆಯಾಗಿ ಎಳೆಯಬಲ್ಲ ಹದಕ್ಕೆ ತಂದವನು ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಕೂಲಿಜ್, 1910ರ ಸುಮಾರಿಗೆ.

ಅದೇ ಕಂಪನಿಯ ಪ್ರಯೋಗಾಲಯದ ಇರ್ವಿಂಗ್ ಲ್ಯಾಂಗ್‌ಮ್ಯೂರ್ 1913ರಲ್ಲಿ ಮಾಡಿದ್ದು ಇನ್ನೂ ಸೊಗಸಾದ ಕೆಲಸ. ಬಲ್ಬಿನ ಗಾಜು ಒಳಗಿನಿಂದ ಕಪ್ಪಾಗುವುದಕ್ಕೆ ಅಳಿದುಳಿದ ಗಾಳಿಯೇ ಕಾರಣವೆಂದು ಎಲ್ಲರೂ ಇನ್ನಷ್ಟು ಒಳ್ಳೆಯ ನಿರ್ವಾತಕ್ಕಾಗಿ ಹೆಣಗುತ್ತಿದ್ದರು. ಲ್ಯಾಂಗ್‌ಮ್ಯೂರ್ ನಿಜವಾದ ಕಾರಣ ಟಂಗ್‌ಸ್ಟನ್ ಆವಿಯಾಗುವಿಕೆ ಎಂದು ತೋರಿಸಿ, ನಿರ್ವಾತ ಬಿಟ್ಟು ಬುರುಡೆಯೊಳಗೆ ನೈಟ್ರೋಜನ್ ತುಂಬಿದ. ಆಮೇಲೆ ಆರ್ಗಾನ್ ಬಂತು. ಅನಿಲದ ಒತ್ತಡ ಲೋಹದ ಪರಮಾಣುಗಳನ್ನು ಹಿಡಿದಿಡುತ್ತದೆ. ಆದರೆ ಅದೇ ಅನಿಲ ತಂತುವಿನ ಶಾಖವನ್ನೂ ಹೊತ್ತೊಯ್ಯುತ್ತದೆ. ಈ ನಷ್ಟ ತಂತುವಿನ ದಪ್ಪಕ್ಕಿಂತ ಉದ್ದಕ್ಕೆ ಹೆಚ್ಚು ತಗಲಿಕೊಂಡಿರುತ್ತದೆ ಎಂದು ಕಂಡುಕೊಂಡು ತಂತುವನ್ನು ಸುರುಳಿ ಸುತ್ತಿದ. ಸುರುಳಿಯನ್ನೇ ಮತ್ತೆ ಸುರುಳಿ ಸುತ್ತುವ ಜೋಡಿಸುರುಳಿ 1921ರಲ್ಲಿ ಜಪಾನಿನಲ್ಲಿ ಬಂತು. ಅಲ್ಲಿಗೆ ವ್ಯಾಟಿಗೆ 12-15 ಲ್ಯೂಮೆನ್ ಎಂಬ ಮಟ್ಟ ಮುಟ್ಟಿತು. ಮುಂದಿನ ಎಂಬತ್ತು ವರ್ಷ ಮನೆಯ ಬಲ್ಬು ಅಲ್ಲೇ ನಿಂತಿತು.

ನಿಂತದ್ದಕ್ಕೆ ಭೌತಶಾಸ್ತ್ರದ ಕಾರಣವಿದೆ. ತಂತುವಿನ ಬಲ್ಬಿನಲ್ಲಿ ಬಾಳಿಕೆ ಮತ್ತು ದಕ್ಷತೆ ಒಂದಕ್ಕೊಂದು ವೈರಿ. ವೋಲ್ಟೇಜನ್ನು ನೂರಕ್ಕೆ ಐದರಷ್ಟು ಏರಿಸಿದರೆ ಬೆಳಕು ನೂರಕ್ಕೆ ಹದಿನೆಂಟರಷ್ಟು ಹೆಚ್ಚುತ್ತದೆ, ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಇಳಿಸಿದರೆ ಇದರ ತಿರುಗುಮುರುಗು. ಕ್ಯಾಲಿಫೋರ್ನಿಯದ ಲಿವರ್‌ಮೋರ್ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಉರಿಯುತ್ತಿದೆ ಎನ್ನಲಾದ ಬಲ್ಬನ್ನು ಹಿಂದಿನವರ ಕಸುಬಿನ ಸಾಕ್ಷಿಯೆಂದು ಮೆಚ್ಚುವವರು ಬಹಳ. ಅದು ಈಗ ನಾಲ್ಕು ವ್ಯಾಟಿನಷ್ಟು ಎಳೆದುಕೊಂಡು ಕೆಂಡದಂತೆ ಮಿನುಗುತ್ತದೆ, ಓದುವಷ್ಟು ಬೆಳಕು ಕೊಡುವುದಿಲ್ಲ. ಕಡಿಮೆ ಕಾದ ತಂತು ಬಹುಕಾಲ ಬಾಳುತ್ತದೆ, ಅಷ್ಟೇ.

ನಮ್ಮ ಹಳ್ಳಿಗಳ ಹಳೆಯ ಅನುಭವಕ್ಕೂ ವಿವರಣೆ ಇಲ್ಲೇ ಇದೆ. ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ 230 ವೋಲ್ಟು ಇರಬೇಕಾದಲ್ಲಿ 180ಕ್ಕೆ ಕುಸಿದರೆ ಬಲ್ಬಿನ ಬೆಳಕು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅದು ಎಳೆಯುವ ವಿದ್ಯುತ್ತು ಮಾತ್ರ ಮೂರನೇ ಒಂದು ಪಾಲಿನಷ್ಟೇ ತಗ್ಗುತ್ತದೆ. ಲೋ ವೋಲ್ಟೇಜಿನ ಊರಿನವರು ಪ್ರತಿ ಲ್ಯೂಮೆನ್‌ಗೆ ಪಟ್ಟಣದವರಿಗಿಂತ ಹೆಚ್ಚು ಬೆಲೆ ತೆರುತ್ತಿದ್ದರು.

1924ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ ಓಸ್ರಾಮ್, ಫಿಲಿಪ್ಸ್ ಮೊದಲಾದ ತಯಾರಕರು ಸೇರಿ ಕಟ್ಟಿದ ಫೀಬಸ್ ಕೂಟ ಬಲ್ಬಿನ ಆಯುಷ್ಯವನ್ನು 1,000 ಗಂಟೆಗೆ ಕಟ್ಟಿಹಾಕಿತು. ಹೆಚ್ಚು ಬಾಳುವ ಬಲ್ಬು ಮಾಡಿದ ಸದಸ್ಯರಿಗೆ ದಂಡ ಹಾಕಿತು. ಗ್ರಾಹಕರಿಗೆ ಮೋಸ ಮಾಡಿದ ಕಥೆಯಾಗಿ ಇದು ಪ್ರಸಿದ್ಧ. ದುರಾಸೆ ಇದ್ದದ್ದು ನಿಜ. ಆದರೆ 1,000 ಗಂಟೆ ಎಂಬ ಸಂಖ್ಯೆಯೇ ಅನ್ಯಾಯವಾಗಿರಲಿಲ್ಲ. 60 ವ್ಯಾಟಿನ ಬಲ್ಬು ಸಾವಿರ ಗಂಟೆಯಲ್ಲಿ 60 ಯೂನಿಟ್ ಉರಿಸುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಎಂದು ಹಿಡಿದರೂ 360 ರೂಪಾಯಿ. ಹತ್ತು ಹದಿನೈದು ರೂಪಾಯಿಯ ಬಲ್ಬನ್ನು ಇನ್ನೊಂದು ಸಾವಿರ ಗಂಟೆ ಉಳಿಸಲು ಹೋಗಿ ಬೆಳಕನ್ನು ಮಂದ ಮಾಡಿಕೊಂಡರೆ ಕೈಯಿಂದ ಹೋಗುವುದೇ ಹೆಚ್ಚು.

ತಂತುವಿನ ದೀಪವನ್ನು ಉಳಿಸಿಕೊಳ್ಳುವ ಪ್ರಯತ್ನಗಳು ಆಮೇಲೂ ನಡೆದವು. 1959ರಲ್ಲಿ ಬಂದ ಹ್ಯಾಲೊಜೆನ್ ದೀಪದಲ್ಲಿ ಅಯೋಡಿನ್, ಆವಿಯಾದ ಟಂಗ್‌ಸ್ಟನ್ನನ್ನು ಮತ್ತೆ ತಂತುವಿಗೇ ತಂದು ಕೂರಿಸುತ್ತದೆ. ಹೀಗಾಗಿ ತಂತು ಸ್ವಲ್ಪ ಹೆಚ್ಚು ಕಾಯಬಹುದು. ಲಾಭ ವ್ಯಾಟಿಗೆ ನಾಲ್ಕೈದು ಲ್ಯೂಮೆನ್. 2016ರಲ್ಲಿ ಅಮೆರಿಕದ ಎಂಐಟಿಯ ವಿಜ್ಞಾನಿಗಳು, ಅವಕೆಂಪನ್ನು ತಂತುವಿಗೇ ಹಿಂದಿರುಗಿಸಿ ಬೆಳಕನ್ನು ಮಾತ್ರ ಹೊರಬಿಡುವ ತೆಳುಪದರಗಳ ಕವಚ ತೊಡಿಸಿ ಬಲ್ಬಿನ ದಕ್ಷತೆಯನ್ನು ನೂರಕ್ಕೆ 6.6ಕ್ಕೆ ಏರಿಸಿ ತೋರಿಸಿದರು. ತಾತ್ವಿಕವಾಗಿ ಇದು 40ರವರೆಗೂ ಹೋಗಬಹುದೆಂದು ಲೆಕ್ಕ ಹಾಕಿದರು. ಹೊಳಹು ಅಂದವಾದದ್ದು, ಆದರೆ ಅಷ್ಟರಲ್ಲಿ ಎಲ್‌ಇಡಿ ಮನೆಮನೆಗೆ ನುಗ್ಗಿತ್ತು.

ಟ್ಯೂಬ್‌ಲೈಟು, ಸಿಎಫ್ಎಲ್

ಶಾಖದ ಹಾದಿಯನ್ನೇ ಬಿಟ್ಟ ಮೊದಲ ಮನೆದೀಪ ಟ್ಯೂಬ್‌ಲೈಟು. ಕೊಳವೆಯೊಳಗಿನ ಪಾದರಸದ ಆವಿ ವಿದ್ಯುತ್ತಿನಿಂದ ಕೆರಳಿ ಮುಖ್ಯವಾಗಿ 254 ನ್ಯಾನೋಮೀಟರಿನ ಅತಿನೇರಳೆ ಕಿರಣ ಸೂಸುತ್ತದೆ. ಗಾಜಿನ ಒಳಬದಿಗೆ ಬಳಿದ ಫಾಸ್ಫರ್ ಪುಡಿ ಅದನ್ನು ಬಿಳಿ ಬೆಳಕಾಗಿ ಮಾರ್ಪಡಿಸುತ್ತದೆ. ಟ್ಯೂಬ್‌ಲೈಟು 1938ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಇಲ್ಲಿಯ ನಷ್ಟ ಬೇರೆ ಬಗೆಯದು. ಶಕ್ತಿ ತುಂಬಿದ ಒಂದು ಅತಿನೇರಳೆ ಕಣ ಒಂದೇ ಒಂದು ಕಾಣುವ ಬೆಳಕಿನ ಕಣವಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಶಕ್ತಿ ಪುಡಿಯಲ್ಲೇ ಶಾಖವಾಗಿ ಇಂಗುತ್ತದೆ. ಇಷ್ಟಾದರೂ ಅದು ತಂತುವಿನ ಬಲ್ಬಿಗಿಂತ ನಾಲ್ಕೈದು ಪಟ್ಟು ಮೇಲು.

ಭಾರತದ ಮನೆಗಳಲ್ಲಿ ಮೂರು ನಾಲ್ಕು ದಶಕ ಆಳಿದ್ದು 40 ವ್ಯಾಟಿನ ದಪ್ಪ ಕೊಳವೆ. ಅದರ ಚೋಕು ತನ್ನ ಪಾಲಿಗೆ ಇನ್ನೂ 10-15 ವ್ಯಾಟ್ ತಿನ್ನುತ್ತಿತ್ತು. ಇದು ಕೊಳವೆಯ ಮೇಲೆ ಬರೆದಿರುತ್ತಿರಲಿಲ್ಲ. ಮುಂದೆ ಕೊಳವೆ 38 ಮಿಲಿಮೀಟರಿನಿಂದ 26ಕ್ಕೆ, ಅಲ್ಲಿಂದ 16ಕ್ಕೆ ಸಣ್ಣದಾಯಿತು. ಎಲೆಕ್ಟ್ರಾನಿಕ್ ಚೋಕು ಬಂದು ನಷ್ಟವೂ ತಗ್ಗಿತು, ಮಿಣಮಿಣ ಎನ್ನುವುದೂ ನಿಂತಿತು.

ಕೊಳವೆಯನ್ನು ಬಲ್ಬಿನ ಹೋಲ್ಡರಿಗೆ ಕೂರುವಂತೆ ಮಡಚಿದ್ದೇ ಸಿಎಫ್ಎಲ್. ಜನರಲ್ ಎಲೆಕ್ಟ್ರಿಕ್‌ನ ಎಡ್ವರ್ಡ್ ಹ್ಯಾಮರ್ 1976ರಲ್ಲೇ ಸುರುಳಿ ಆಕಾರದ್ದನ್ನು ಮಾಡಿ ತೋರಿಸಿದ್ದ. ಅದನ್ನು ತಯಾರಿಸಲು ಹೊಸ ಕಾರ್ಖಾನೆಗೆ ಸುಮಾರು 2.5 ಕೋಟಿ ಡಾಲರ್ ಬೇಕೆಂದು ಕಂಪನಿ ಕೈಬಿಟ್ಟಿತು. ಸುರುಳಿ ಸಿಎಫ್ಎಲ್ ಅಗ್ಗವಾಗಿ ಜಗತ್ತಿಗೆ ಹರಡಿದ್ದು ಬಹಳ ವರ್ಷಗಳ ನಂತರ, ಚೀನದ ಕಾರ್ಖಾನೆಗಳಿಂದ. ಪ್ರತಿ ದೀಪದೊಳಗೂ ಕೆಲವು ಮಿಲಿಗ್ರಾಂ ಪಾದರಸವಿದ್ದುದು ಅದರ ಶಾಶ್ವತ ಕಳಂಕ. ಒಡೆದ ಸಿಎಫ್ಎಲ್ ಕಸದ ಗಾಡಿಗೆ ಹೋಗುವುದನ್ನು ತಡೆಯುವ ವ್ಯವಸ್ಥೆ ನಮ್ಮಲ್ಲಿ ಕೊನೆಗೂ ನೆಲೆಯೂರಲಿಲ್ಲ.

ಎಲ್‌ಇಡಿ

ಅರೆವಾಹಕದ ಹರಳಿನಲ್ಲಿ ಎಲೆಕ್ಟ್ರಾನ್ ತನಗಾಗಿ ಕಾದಿರುವ ಖಾಲಿ ಜಾಗಕ್ಕೆ ಇಳಿಯುವಾಗ ಉಳಿದ ಶಕ್ತಿಯನ್ನು ನೇರವಾಗಿ ಬೆಳಕಾಗಿ ಬಿಡುತ್ತದೆ. ಕಾಯಿಸುವ ಮಾತೇ ಇಲ್ಲ. ನಿಕ್ ಹೊಲೊನ್ಯಾಕ್ 1962ರಲ್ಲಿ ಕೆಂಪು ಎಲ್‌ಇಡಿ ಮಾಡಿದ. ಹಸಿರು ಬಂತು. ನೀಲಿಗೆ ಮೂವತ್ತು ವರ್ಷ ಹಿಡಿಯಿತು, ನೀಲಿ ಇಲ್ಲದೆ ಬಿಳಿ ಇಲ್ಲ. ಗ್ಯಾಲಿಯಂ ನೈಟ್ರೈಡ್ ಹರಳನ್ನು ದೋಷ ಕಡಿಮೆ ಮಾಡಿ ಬೆಳೆಸುವುದು ಅಸಾಧ್ಯವೆಂದು ಹೆಚ್ಚಿನವರು ಬಿಟ್ಟಿದ್ದಾಗ ಜಪಾನಿನ ಇಸಾಮು ಅಕಾಸಾಕಿ ಮತ್ತು ಹಿರೋಶಿ ಅಮಾನೊ ನಗೋಯಾದಲ್ಲೂ, ಶೂಜಿ ನಕಾಮುರಾ ನಿಚಿಯಾ ಕಂಪನಿಯಲ್ಲೂ ಹಟ ಹಿಡಿದು ಸಾಧಿಸಿದರು. 1990ರ ದಶಕದ ಮೊದಲರ್ಧದಲ್ಲಿ ಪ್ರಖರ ನೀಲಿ ಎಲ್‌ಇಡಿ ಮಾರುಕಟ್ಟೆಗೆ ಬಂತು, 1996ರಲ್ಲಿ ಅದರ ಮೇಲೆ ಹಳದಿ ಫಾಸ್ಫರ್ ಬಳಿದ ಬಿಳಿ ಎಲ್‌ಇಡಿ ಬಂತು. ಮೂವರಿಗೂ 2014ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಸಂದಿತು.

ಬಿಳಿ ಎಲ್‌ಇಡಿ ಬಲ್ಬಿನಲ್ಲೂ ಸೋರಿಕೆಗಳಿವೆ, ಈಗಿನ ಸುಧಾರಣೆಯೆಲ್ಲ ಅವುಗಳನ್ನು ಮುಚ್ಚುವ ಕೆಲಸ. ನೀಲಿ ಬೆಳಕು ಹಳದಿಯಾಗುವಾಗ ಐದನೇ ಒಂದು ಪಾಲಿನಷ್ಟು ಶಕ್ತಿ ಹೋಗುತ್ತದೆ. ಅರೆವಾಹಕ ಹರಳಿನ ತುಣುಕಾದ ಚಿಪ್ಪಿನೊಳಗೆ ಹುಟ್ಟಿದ ಬೆಳಕಿನಲ್ಲಿ ಒಂದಿಷ್ಟು ಹೊರಗೆ ಬರಲಾರದೆ ಅಲ್ಲೇ ಪ್ರತಿಫಲಿಸಿ ಕಳೆದುಹೋಗುತ್ತದೆ. ಮನೆಯ ಎಸಿ ವಿದ್ಯುತ್ತನ್ನು ಡಿಸಿ ಮಾಡುವ ಡ್ರೈವರ್ ನೂರಕ್ಕೆ ಹತ್ತು ಹದಿನೈದು ತೆಗೆದುಕೊಳ್ಳುತ್ತದೆ, ಹೊರಗಿನ ಹಾಲುಬಿಳುಪಿನ ಗುಮ್ಮಟವೂ ಸ್ವಲ್ಪ ಹೀರುತ್ತದೆ. ಎಲ್ಲಕ್ಕಿಂತ ಕುತೂಹಲದ ನಷ್ಟವೆಂದರೆ, ಚಿಪ್ಪಿಗೆ ಹೆಚ್ಚು ಕರೆಂಟು ಹರಿಸಿದಷ್ಟೂ ಅದರ ದಕ್ಷತೆ ಕುಸಿಯುವುದು. ಎಲೆಕ್ಟ್ರಾನಿನ ಶಕ್ತಿ ಬೆಳಕಾಗುವ ಬದಲು ಇನ್ನೊಂದು ಎಲೆಕ್ಟ್ರಾನಿಗೆ ಹಸ್ತಾಂತರವಾಗಿ ಶಾಖವಾಗುವುದೇ ಇದಕ್ಕೆ ಮುಖ್ಯ ಕಾರಣವೆಂಬುದು ಈಗ ಬಹುಮಟ್ಟಿಗೆ ಒಪ್ಪಿತವಾಗಿದೆ.

ಅಂದರೆ ದಕ್ಷತೆ ಬೇಕೆಂದರೆ ಒಂದು ಸರಳ ಉಪಾಯ ಕೈಯಲ್ಲೇ ಇದೆ: ಚಿಪ್ಪುಗಳ ಸಂಖ್ಯೆ ಹೆಚ್ಚಿಸಿ ಪ್ರತಿಯೊಂದರ ಮೇಲಿನ ಹೊರೆ ಇಳಿಸುವುದು. ದುಬೈ ನಗರಾಡಳಿತ 2016ರಲ್ಲಿ ಫಿಲಿಪ್ಸ್ ಜೊತೆ ಸೇರಿ ಮಾಡಿಸಿದ ಬಲ್ಬುಗಳು ಹೀಗೆಯೇ ವ್ಯಾಟಿಗೆ 200 ಲ್ಯೂಮೆನ್ ಮುಟ್ಟಿದವು. ಮೂರು ವ್ಯಾಟಿಗೆ 600 ಲ್ಯೂಮೆನ್. ಅದರಲ್ಲಿ ಹೊಸ ಆವಿಷ್ಕಾರವೇನೂ ಇರಲಿಲ್ಲ. ಕಡಿಮೆ ಹೊರೆಯ ಚಿಪ್ಪು ತಣ್ಣಗಿರುವುದರಿಂದ ಆಯುಷ್ಯವೂ ಹೆಚ್ಚು. ತಂತುವಿನ ಬಲ್ಬಿನಲ್ಲಿ ವೈರಿಗಳಾಗಿದ್ದ ಬಾಳಿಕೆ ಮತ್ತು ದಕ್ಷತೆ ಎಲ್‌ಇಡಿಯಲ್ಲಿ ಜೊತೆಗಾರರು. ಆದರೂ ಅಂಗಡಿಯ ಬಲ್ಬು ಹಾಗಿಲ್ಲ. ಕಡಿಮೆ ಚಿಪ್ಪು ಹಾಕಿ ಪ್ರತಿಯೊಂದನ್ನೂ ದುಡಿಸಿದರೆ ತಯಾರಿಕೆಯ ಖರ್ಚು ಇಳಿಯುತ್ತದೆ, ಕರೆಂಟಿನ ಖರ್ಚು ಕೊಂಡವರದ್ದು. ಫೀಬಸ್ ಕೂಟವನ್ನು ಬೈಯುವವರು ಇದನ್ನು ಗಮನಿಸುವುದು ಕಡಿಮೆ.

ಬಲ್ಬು ಸಾಯುವುದೂ ಇಲ್ಲಿಂದಲೇ. ಚಿಪ್ಪುಗಳು ಸಾಲಾಗಿ ಜೋಡಣೆಗೊಂಡಿರುವಾಗ ಒಂದು ಕೆಟ್ಟರೆ ಸಾಲೇ ಆರುತ್ತದೆ. ಮುಚ್ಚಿದ ಬುಟ್ಟಿಯೊಳಗೆ ಹಾಕಿದ ಬಲ್ಬಿನಲ್ಲಿ ಡ್ರೈವರಿನ ಕೆಪಾಸಿಟರ್ ಬಿಸಿಗೆ ಒಣಗುತ್ತದೆ. ಡಬ್ಬಿಯ ಮೇಲಿನ 15,000 ಅಥವಾ 25,000 ಗಂಟೆ ಎಂಬುದು ತಂಪಾದ ಜಾಗಕ್ಕೆ ಹೇಳಿದ ಮಾತು.

ಕಾನೂನು ಮತ್ತು ಮಾರುಕಟ್ಟೆ

ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ 2006ರ ವರದಿಯ ಪ್ರಕಾರ ಜಗತ್ತಿನ ವಿದ್ಯುತ್ ಬಳಕೆಯಲ್ಲಿ ಸುಮಾರು ನೂರಕ್ಕೆ 19 ಬೆಳಕಿಗೆ ಹೋಗುತ್ತಿತ್ತು. ಆಸ್ಟ್ರೇಲಿಯ 2007ರಲ್ಲಿ ತಂತುವಿನ ಬಲ್ಬನ್ನು ಹಿಂತೆಗೆಯುವ ನಿರ್ಧಾರ ಪ್ರಕಟಿಸಿತು. ಯುರೋಪಿನ ಒಕ್ಕೂಟ 2009ರ ಸೆಪ್ಟೆಂಬರಿನಲ್ಲಿ 100 ವ್ಯಾಟಿನಿಂದ ಆರಂಭಿಸಿ 2012ಕ್ಕೆ ಮುಗಿಸಿತು. ಅಮೆರಿಕ ಎಳೆದಾಡಿ, ವ್ಯಾಟಿಗೆ ಕನಿಷ್ಠ 45 ಲ್ಯೂಮೆನ್ ಇರಬೇಕೆಂಬ ನಿಯಮವನ್ನು 2023ರ ಆಗಸ್ಟಿನಿಂದ ಪೂರ್ತಿಯಾಗಿ ಜಾರಿಗೊಳಿಸಿತು. ಯುರೋಪಿನ ನಿಷೇಧದ ಹೊತ್ತಿನಲ್ಲಿ ಜರ್ಮನಿಯ ಎಂಜಿನಿಯರೊಬ್ಬರು ಹಳೆಯ ಬಲ್ಬುಗಳನ್ನೇ ಪುಟ್ಟ ಹೀಟರುಗಳೆಂದು ಹೆಸರಿಟ್ಟು ಮಾರಾಟಕ್ಕಿಟ್ಟರು. ತಮಾಷೆಯಾದರೂ ತಾಂತ್ರಿಕವಾಗಿ ತಪ್ಪೇನಿರಲಿಲ್ಲ: ನೂರಕ್ಕೆ ತೊಂಬತ್ತೈದು ಶಾಖ ಕೊಡುವ ಸಾಧನ ಅದು. ಚಳಿದೇಶದಲ್ಲಿ ಆ ಶಾಖ ಪೂರ್ತಿ ವ್ಯರ್ಥವಲ್ಲ. ಕಲಬುರಗಿಯ ಏಪ್ರಿಲಿನಲ್ಲಿ ಅದನ್ನು ಹೊರಹಾಕಲು ಫ್ಯಾನೋ ಎಸಿಯೋ ಮತ್ತೆ ಕರೆಂಟು ಉಣ್ಣಬೇಕು.

ಭಾರತ ನಿಷೇಧದ ದಾರಿ ಹಿಡಿಯದೆ ಬೆಲೆಯ ಗಂಟನ್ನು ಬಿಚ್ಚಲು ನೋಡಿತು. ಇದರಲ್ಲಿ ಬೆಂಗಳೂರಿನ ಪಾತ್ರ ಸಣ್ಣದಲ್ಲ; ವಿದ್ಯುತ್ ದೀಪದೊಂದಿಗೆ ಈ ನಗರದ ನಂಟು ಹಳೆಯದು. 1905ರ ಆಗಸ್ಟಿನಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಇಲ್ಲಿಯ ಬೀದಿದೀಪಗಳು ಹೊತ್ತಿದಾಗ ಟಂಗ್‌ಸ್ಟನ್ ಬಲ್ಬು ಇನ್ನೂ ವ್ಯಾಪಕವಾಗಿ ಬಳಕೆಗೆ ಬಂದಿರಲಿಲ್ಲ. 1936ರಲ್ಲಿ ಇಲ್ಲಿ ಆರಂಭವಾದ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಬಲ್ಬು, ಟ್ಯೂಬುಗಳನ್ನು ಮಾಡಿ ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಮುಚ್ಚಿತು. 2004ರ ಕೊನೆಯಲ್ಲಿ ಬೆಂಗಳೂರಿನ ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂ, ಗ್ರಾಹಕರು ಸಿಎಫ್ಎಲ್ ಕೊಂಡು ಅದರ ಬೆಲೆಯನ್ನು ತಿಂಗಳ ಬಿಲ್ಲಿನಲ್ಲೇ ಕಂತುಗಳಾಗಿ ತೀರಿಸುವ ಯೋಜನೆ ತಂದಿತು. ಬಿಲ್ಲಿನಲ್ಲಿ ಉಳಿದದ್ದರಿಂದಲೇ ಬಲ್ಬಿನ ಸಾಲ ತೀರುವ ಈ ಏರ್ಪಾಟು ಭಾರತದಲ್ಲಿ ಇಂಥ ಮೊದಲ ಪ್ರಯತ್ನಗಳಲ್ಲೊಂದು. 2009ರ ಬಚತ್ ಲ್ಯಾಂಪ್ ಯೋಜನೆ ಸಿಎಫ್ಎಲ್ಲನ್ನು 15 ರೂಪಾಯಿಗೆ ಕೊಟ್ಟು ನಷ್ಟವನ್ನು ಕಾರ್ಬನ್ ಮಾರುಕಟ್ಟೆಯಿಂದ ತುಂಬಿಕೊಳ್ಳಲು ಹೊರಟಿತು. ಆ ಮಾರುಕಟ್ಟೆಯೇ ಕುಸಿದುಬಿತ್ತು.

2015ರ ಜನವರಿಯಲ್ಲಿ ಆರಂಭವಾಗಿ ಮುಂದೆ ಉಜಾಲಾ ಎಂದು ಹೆಸರಾದ ಎಲ್‌ಇಡಿ ಯೋಜನೆಯಲ್ಲಿ ಸರ್ಕಾರಿ ಸ್ವಾಮ್ಯದ ಇಇಎಸ್ಎಲ್ ಕಂಪನಿ ಸಬ್ಸಿಡಿಯನ್ನು ನೆಚ್ಚಲಿಲ್ಲ. ಕೋಟಿಗಟ್ಟಲೆ ಬಲ್ಬಿಗೆ ಒಟ್ಟಾಗಿ ಟೆಂಡರ್ ಕರೆಯಿತು. 2014ರಲ್ಲಿ 310 ರೂಪಾಯಿಯಿದ್ದ ಖರೀದಿ ಬೆಲೆ 2016ರಲ್ಲಿ 38 ರೂಪಾಯಿಗೆ ಇಳಿಯಿತು. ಒಟ್ಟು 36 ಕೋಟಿಗೂ ಹೆಚ್ಚು ಬಲ್ಬುಗಳು ಹಂಚಿಕೆಯಾದವು. ಕರ್ನಾಟಕದಲ್ಲಿ ಇದು 2015ರ ಡಿಸೆಂಬರಿನಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. ಚಿಪ್ಪಿನ ಬೆಲೆ ಜಗತ್ತಿನಾದ್ಯಂತ ಇಳಿಯುತ್ತಿದ್ದದ್ದೂ ಇದಕ್ಕೆ ನೆರವಾಯಿತು. ಎಲ್ಲ ಶ್ರೇಯಸ್ಸನ್ನೂ ಟೆಂಡರಿಗೆ ಕಟ್ಟಲಾಗದು. ಆದರೂ ಅಂಗಡಿಯವರು ಬೆಲೆ ಇಳಿಸುವಂತೆ ಮಾಡಿದ್ದು ಈ ಯೋಜನೆಯ ಬಲ್ಬು ಹಂಚುತ್ತಿದ್ದ ಕೌಂಟರುಗಳೇ. ಒಂದೇ ಬಲ್ಬಿನ ಸಂಪರ್ಕವಿರುವ ಮನೆಯಲ್ಲಿ ದಿನಕ್ಕೆ ಐದು ಗಂಟೆ ಉರಿದರೆ 60 ವ್ಯಾಟಿನ ಬಲ್ಬು ತಿಂಗಳಿಗೆ 9 ಯೂನಿಟ್ ತಿನ್ನುತ್ತದೆ, ಅಷ್ಟೇ ಬೆಳಕಿನ 9 ವ್ಯಾಟಿನ ಎಲ್‌ಇಡಿ 1.35 ಯೂನಿಟ್.

ದೇವರಮನೆಯ ಮತ್ತು ಮಲಗುವ ಕೋಣೆಯ ‘ಝೀರೋ ಬಲ್ಬು’ ಈ ಲೆಕ್ಕದಿಂದ ತಪ್ಪಿಸಿಕೊಂಡೇ ಬಂದಿತ್ತು. ಹೆಸರಿಗೆ ಸೊನ್ನೆ ವ್ಯಾಟ್. ಎಳೆಯುತ್ತಿದ್ದದ್ದು 12ರಿಂದ 15. ಹಳೆಯ ಚಕ್ರದ ಮೀಟರು ಅಷ್ಟು ಸಣ್ಣ ಹೊರೆಗೆ ಸರಿಯಾಗಿ ಅಲುಗುತ್ತಿರಲಿಲ್ಲವಾದ್ದರಿಂದ ಆ ಹೆಸರು ನಿಂತಿತು. ಇಡೀ ರಾತ್ರಿ ಉರಿಯುವ ಝೀರೋ ಬಲ್ಬು ಹಜಾರದ 9 ವ್ಯಾಟಿನ ಎಲ್‌ಇಡಿಗಿಂತ ಹೆಚ್ಚು ಕರೆಂಟು ತಿನ್ನುತ್ತದೆ. ಈಗ ಅದರ ಜಾಗಕ್ಕೆ ಅರ್ಧ ವ್ಯಾಟಿನ ಎಲ್‌ಇಡಿ ಬಂದಿದೆ.

ಬಲ್ಬಿನಾಚೆ

ಬೆಳಕು ಅಗ್ಗವಾದಂತೆ ಜನ ಅದನ್ನು ಹೆಚ್ಚು ಬಳಸುತ್ತಾರೆ. ಉಪಗ್ರಹ ಚಿತ್ರಗಳನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2012ರಿಂದ 2016ರ ನಡುವೆ ಭೂಮಿಯ ಮೇಲೆ ರಾತ್ರಿ ಬೆಳಗುವ ಪ್ರದೇಶ ವರ್ಷಕ್ಕೆ ನೂರಕ್ಕೆ 2.2ರಂತೆ ಹಿಗ್ಗಿತು. ಮೊದಲು ಕತ್ತಲಲ್ಲಿದ್ದ ಹಟ್ಟಿಗೆ ದೀಪ ಬಂದದ್ದೂ, ಮಾಲಿನ ಗೋಡೆಗೆ ಇನ್ನೊಂದು ಸಾಲು ಬೆಳಕು ಸೇರಿದ್ದೂ ಈ ಅಂಕಿಯಲ್ಲಿ ಒಂದೇ. ಎರಡನ್ನೂ ‘ಉಳಿತಾಯ ಪೋಲಾಯಿತು’ ಎಂದು ಒಂದೇ ಬುಟ್ಟಿಗೆ ಹಾಕುವುದು ಸರಿಯಲ್ಲ.

ಹಾಗೆಯೇ ಬಲ್ಬು ಎಷ್ಟೇ ದಕ್ಷವಾಗಿದ್ದರೂ ಬೆಳಕು ಬೇಡದ ದಿಕ್ಕಿಗೆ ಹೋದರೆ ಲಾಭವಿಲ್ಲ. ಬೀದಿದೀಪಕ್ಕೆ ಎಲ್‌ಇಡಿ ಒಪ್ಪುವುದು ಅದರ ಲ್ಯೂಮೆನ್ ಲೆಕ್ಕಕ್ಕಿಂತ ಹೆಚ್ಚಾಗಿ ಅದು ಬೆಳಕನ್ನು ರಸ್ತೆಗೇ ಇಳಿಸಬಲ್ಲದು ಎಂಬ ಕಾರಣಕ್ಕೆ. ಸೋಡಿಯಂ ದೀಪದ ಬೆಳಕು ಸುತ್ತಲೂ ಹರಡಿ, ಪ್ರತಿಫಲಕ ಅದನ್ನು ಹೇಗೋ ಕೆಳಗೆ ತಿರುಗಿಸಬೇಕಿತ್ತು. ನಡುರಾತ್ರಿಯ ನಂತರ ಬೆಳಕನ್ನು ಮಂದಗೊಳಿಸುವುದೂ ಎಲ್‌ಇಡಿಗೆ ಸುಲಭ.

ಪಾದರಸದ ಕುರಿತ ಮಿನಮಾತಾ ಒಪ್ಪಂದದಡಿ ಮನೆಬಳಕೆಯ ಸಿಎಫ್ಎಲ್ ತಯಾರಿಕೆಗೆ 2025ರ ಅಂತ್ಯವನ್ನೂ, ಟ್ಯೂಬ್‌ಲೈಟುಗಳಿಗೆ 2027ರ ಅಂತ್ಯವನ್ನೂ ಗಡುವಾಗಿ ಇಡಲಾಗಿದೆ. ಹೀಗಾಗಿ ಶಾಲೆ, ಕಚೇರಿಗಳಲ್ಲಿ ಹಳೆಯ ಪಟ್ಟಿಗೇ ಎಲ್‌ಇಡಿ ಕೊಳವೆ ಸಿಕ್ಕಿಸುವ ಕೆಲಸ ನಡೆಯುತ್ತಿದೆ. ಆಗ ಹಳೆಯ ಚೋಕನ್ನು ದಾರಿಯಿಂದ ತೆಗೆಯದೆ ಬಿಟ್ಟರೆ ಅದು ಕೊಳವೆಯ ಜೊತೆಗೆ ತಾನೂ ಒಂದಿಷ್ಟು ಕರೆಂಟು ತಿನ್ನುತ್ತಲೇ ಇರುತ್ತದೆ. ವೈರಿಂಗ್ ಬದಲಿಸಿ ಚೋಕು, ಸ್ಟಾರ್ಟರುಗಳನ್ನು ಕಳಚಿದ ಮೇಲಷ್ಟೇ ಡಬ್ಬಿಯ ಮೇಲಿನ ವ್ಯಾಟೂ ಮೀಟರಿನಲ್ಲಿ ಕಾಣುವ ವ್ಯಾಟೂ ಒಂದಾಗುತ್ತವೆ.